ನಾಲ್ಕೂವರೆಯಿಂದ ಏಳರವರೆಗೆ

ಬೆಂಗಳೂರಿನ ಪೀಣ್ಯದ ಆಸುಪಾಸಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾನು ಬಹಳ ವರ್ಷ ಪಾಠ ಹೇಳಿದವಳು. ನಮ್ಮ ಶಾಲೆಯ ಕೊನೆಯ ಗಂಟೆ ಹೊಡೆಯುತ್ತಿದ್ದುದು ಸಂಜೆ 4.20ಕ್ಕೆ. ಗೇಟಿನ ಹೊರಗೆ ಕೆಲವು ಮಕ್ಕಳಿಗಾಗಿ ಅಜ್ಜಿಯರು ಕಾದಿರುತ್ತಿದ್ದರು, ಕೆಲವರಿಗೆ ಅಕ್ಕಂದಿರು. ಮೂರನೇ ತರಗತಿಯ ಒಬ್ಬ ಹುಡುಗಿಗೆ ಮಾತ್ರ ಯಾರೂ ಇರುತ್ತಿರಲಿಲ್ಲ. ಅವಳು ಕೊರಳಿನ ಕೆಂಪು ದಾರ ಎಳೆದು, ಅದರ ತುದಿಯ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಮತ್ತೆ ಅಂಗಿಯೊಳಕ್ಕೆ ಬಿಟ್ಟು ಹೊರಡುತ್ತಿದ್ದಳು. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಿಷನ್ ಮೇಲೆ ಕೂರುವವರು. ಅಪ್ಪ ಗೂಡ್ಸ್ ಆಟೋ ಓಡಿಸುವವರು. ಕೆಲಸ ಐದೂವರೆಗೆ ಬಿಟ್ಟರೂ ಬಸ್ಸು ಹಿಡಿದು, ದಾರಿಯಲ್ಲಿ ತರಕಾರಿ ಕೊಂಡು, ಅಮ್ಮ ಮನೆ ಮುಟ್ಟುವಾಗ ಏಳು ಗಂಟೆ.

ಒಂದು ದಿನ ಅವಳನ್ನು ಕೇಳಿದೆ: "ಅಮ್ಮ ಬರೋವರೆಗೂ ಏನ್ ಮಾಡ್ತೀಯ ಪುಟ್ಟಿ?"

"ಬಾಗ್ಲು ಹಾಕ್ಕೊಂಡು ಟಿವಿ ಹಾಕ್ತೀನಿ ಮಿಸ್."

"ಏನ್ ನೋಡ್ತೀಯ?"

"ಏನೂ ನೋಡಲ್ಲ ಮಿಸ್. ಸದ್ದಿರ್ಲಿ ಅಂತ ಹಾಕ್ತೀನಿ. ಇಲ್ದಿದ್ರೆ ಭಯ ಆಗತ್ತೆ."

ಎಂಟು ವರ್ಷದ ಮಗು ಹೇಳಿದ ಈ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆ ಎರಡೂವರೆ ಗಂಟೆಗಳ ಬಗ್ಗೆಯೇ ಈ ಹೊತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಮಕ್ಕಳ ಪಾಲನೆ ಎಂದ ಕೂಡಲೇ ನಾವು ಉಪದೇಶ ಶುರುಮಾಡುತ್ತೇವೆ: ಮಕ್ಕಳಿಗೆ ಸಮಯ ಕೊಡಿ, ಅವರ ಜೊತೆ ಆಡಿ, ಪೌಷ್ಟಿಕ ಅಡುಗೆ ಮಾಡಿಕೊಡಿ. ಬೆಳಗಿನ ಐದಕ್ಕೆ ಎದ್ದು ನೀರು ಹಿಡಿದು, ಮೂರು ಡಬ್ಬಿ ಕಟ್ಟಿ, ಎಂಟಕ್ಕೆ ಬಸ್ಸಿಗೆ ಓಡುವ ತಾಯಿಗೆ ಇದನ್ನು ಹೇಳಿದರೆ ಅವಳ ಎದೆ ಇನ್ನಷ್ಟು ಕುಸಿಯುತ್ತದೆಯೇ ಹೊರತು ಮಗುವಿಗೆ ಒಂದು ತುತ್ತೂ ಹೆಚ್ಚು ಸಿಗುವುದಿಲ್ಲ. ದುಡಿಯುವ ಮನೆಗೆ ಇಡೀ ದಿನವನ್ನು ತಿದ್ದಲು ಆಗುವುದಿಲ್ಲ. ಆದರೆ ಶಾಲೆ ಬಿಟ್ಟ ಗಳಿಗೆಯಿಂದ ದೊಡ್ಡವರು ಮನೆ ಸೇರುವವರೆಗಿನ ಅಷ್ಟು ಹೊತ್ತನ್ನು ತಿದ್ದಬಹುದು. ಅದನ್ನು ಸರಿಮಾಡಿಕೊಂಡರೆ ಮಗುವಿನ ಊಟ, ಮಗುವಿನ ಕ್ಷೇಮ, ಮಗುವಿನ ಸಂತೋಷ ಮೂರೂ ಬಹುಮಟ್ಟಿಗೆ ನೇರವಾಗುತ್ತವೆ ಎಂಬುದು ನಾನು ಕಂಡುಕೊಂಡ ಸಂಗತಿ.

ಈ ಹೊತ್ತು ಹೇಗೆ ಅನಾಥವಾಯಿತು ನೋಡಿ. ತೀರ ಎಳೆಯ ಮಕ್ಕಳ ಬಗ್ಗೆ ಕಾನೂನು ಯೋಚಿಸಿದೆ. ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದಾಗ ರಜೆ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಬೇಕೆಂದಾಯಿತು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಬಹುದೆಂದಾಯಿತು. 1975ರಲ್ಲಿ ಶುರುವಾದ ಅಂಗನವಾಡಿಗಳು ಊರೂರಲ್ಲಿವೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಬಂದಿವೆ. ಇವು ನಿಮ್ಮ ಹಕ್ಕು. ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಆದರೆ ಇವೆಲ್ಲ ನಿಲ್ಲುವುದು ಮಗುವಿಗೆ ಆರು ತುಂಬುವ ಹೊತ್ತಿಗೆ. ಆಮೇಲೆ ಮಗು ಶಾಲೆಯದು, ಶಾಲೆ ಸಂಜೆಗೆ ಮುಗಿಯುತ್ತದೆ. ಆರರಿಂದ ಹನ್ನೆರಡರವರೆಗಿನ ಮಕ್ಕಳು ಬೀಗ ತೆಗೆಯುವಷ್ಟು ದೊಡ್ಡವರು, ಒಬ್ಬರೇ ಇರುವಷ್ಟು ದೊಡ್ಡವರಲ್ಲ. ಹಿಂದೆ ಈ ಹೊತ್ತನ್ನು ಅಜ್ಜಿ, ದೊಡ್ಡಮ್ಮ, ಎದುರು ಮನೆಯ ಜಗಲಿ ಹಂಚಿಕೊಂಡು ನೋಡಿಕೊಳ್ಳುತ್ತಿದ್ದವು. ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದಾಗ ನಾವು ಪಾತ್ರೆ ಪಡಗ ತಂದೆವು, ಜಗಲಿಯನ್ನು ತರಲಾಗಲಿಲ್ಲ.

ಮೊದಲು ಹೊಟ್ಟೆಯ ಮಾತು. ಶಾಲೆಯ ಬಿಸಿಯೂಟ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ನಾಲ್ಕೂವರೆಗೆ ಮಗುವಿನ ಹೊಟ್ಟೆ ಚುರುಗುಟ್ಟುತ್ತದೆ. ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ದಾರಿಯ ಅಂಗಡಿಯಿಂದ ಉಪ್ಪು ಎಣ್ಣೆಯ ಒಂದು ಪೊಟ್ಟಣ, ಮನೆಯಲ್ಲಿ ಬೆಳಗಿನ ಟೀ ಉಳಿದಿದ್ದರೆ ಟೀ ಜೊತೆ ಒಂದು ಬನ್. ರಾತ್ರಿ ಅಮ್ಮ ಅಡುಗೆ ಮಾಡಿ ಬಡಿಸುವಾಗ ಮಗುವಿಗೆ ಹಸಿವೂ ಇಲ್ಲ, ನಿದ್ದೆಯ ಮಂಪರು ಬೇರೆ. "ನಮ್ಮ ಮಗು ಊಟಾನೇ ಮಾಡಲ್ಲ ಮೇಡಂ" ಎಂದು ಎಷ್ಟೋ ತಾಯಂದಿರು ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಊಟ ಕೆಟ್ಟದ್ದು ರಾತ್ರಿ ಒಂಬತ್ತಕ್ಕಲ್ಲ, ಸಂಜೆ ಐದಕ್ಕೆ.

ಟೀ ಬಗ್ಗೆ ಒಂದು ಮಾತು ಹೇಳಲೇಬೇಕು. ಟೀಯಲ್ಲಿರುವ ಒಗರು, ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಮೂರರಲ್ಲಿ ಎರಡು ಮಕ್ಕಳು! ತರಗತಿಯಲ್ಲಿ ತೂಕಡಿಸುವ, ಆಟಕ್ಕೆ ಕರೆದರೆ ಗೋಡೆಗೊರಗಿ ಕೂರುವ ಮಗುವನ್ನು ನಾವು ಸೋಮಾರಿ ಎನ್ನುತ್ತೇವೆ. ಆ ಮಗುವಿನ ರಕ್ತದಲ್ಲಿ ಬಲವೇ ಇರುವುದಿಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಜಂತುಹುಳದ ಮಾತ್ರೆಯನ್ನೂ ಮಗು ನುಂಗಿತೇ ಎಂದು ವಿಚಾರಿಸಿ. ಮಕ್ಕಳಿಗೆ ಟೀ ಬೇಡ.

ಬದಲಿಗೆ ಏನು? ಒಲೆ ಹಚ್ಚದೆ ಮಗು ತಾನೇ ತೆಗೆದುಕೊಂಡು ತಿನ್ನುವಂಥದ್ದು ಒಂದು ಡಬ್ಬಿಯಲ್ಲಿ ಸಿದ್ಧವಾಗಿರಲಿ. ಹುರಿದ ಕಡಲೆಬೀಜ, ಹುರಿಗಡಲೆ, ಒಂದು ಚೂರು ಬೆಲ್ಲ, ಒಂದು ಬಾಳೆಹಣ್ಣು ಸಾಕು. ನಮ್ಮ ಕಡೆಯ ರಾಗಿ ಹುರಿಹಿಟ್ಟನ್ನು ಮರೆಯಬೇಡಿ. ಭಾನುವಾರ ಒಮ್ಮೆ ಮಾಡಿಟ್ಟರೆ ವಾರವಿಡೀ ಆಗುತ್ತದೆ. ಹಾಲು, ಬೆಲ್ಲ ಬೆರೆಸಿ ಕಲಸಿಕೊಂಡರೆ ಎಂಟು ವರ್ಷದ ಮಗುವೂ ಮಾಡಿಕೊಂಡು ತಿನ್ನುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು ಅದರ ಅರ್ಧಕ್ಕಿಂತ ಕಡಿಮೆ. ಎಲುಬು ಬೆಳೆಯುವ ವಯಸ್ಸಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ. ಮನೆಯಲ್ಲಿ ನಾಲ್ಕೈದು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಇಡೀ ಕಡಲೆಬೀಜ ಅವರ ಕೈಗೆ ಹೋಗದಿರಲಿ. ಅದು ಉಸಿರು ನಾಳಕ್ಕೆ ಸಿಕ್ಕಿಕೊಂಡು ಜೀವಕ್ಕೆ ಕುತ್ತು ತರಬಹುದು. ಪುಡಿಮಾಡಿ ಕೊಡಿ.

ಇನ್ನು ಮಗುವಿನ ಕ್ಷೇಮದ ಮಾತು. ಬೆಳಗ್ಗೆ ಮನೆ ಬಿಡುವಾಗ ಒಂದೇ ಒಂದು ನಿಮಿಷ ನಿಂತು, ಎಂಟು ವರ್ಷದ ಮಗುವಿನ ಎತ್ತರಕ್ಕೆ ಬಗ್ಗಿ ನಿಮ್ಮ ಮನೆಯನ್ನು ನೋಡಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಫ್ ಆಗಿದೆಯೇ? ನೀರಿನ ಸಂಪಿನ ಮುಚ್ಚಳ ಗಟ್ಟಿಯಾಗಿ ಕೂತಿದೆಯೇ, ಅದಕ್ಕೆ ಬೀಗ ಉಂಟೇ? ಕಕ್ಕಸು ತೊಳೆಯುವ ಆಸಿಡ್, ಸೀಮೆಎಣ್ಣೆ, ಹೊಲದ ಔಷಧಿ ಇವನ್ನು ಜ್ಯೂಸಿನ ಖಾಲಿ ಬಾಟಲಿಗೆ ಸುರಿದು ಇಟ್ಟಿದ್ದೀರಾ? ದಾಹದಲ್ಲಿ ಬಂದ ಮಗು ಬಾಟಲಿಯ ಚಿತ್ರ ನೋಡಿ ಕುಡಿಯುತ್ತದೆ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗಬೇಡಿ. ಒಳಗೆ ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಬಾಟಲಿಯನ್ನೂ ಎತ್ತಿಕೊಂಡು ನೇರ ಆಸ್ಪತ್ರೆಗೆ ಓಡಿ. ಮೈ ಸುಟ್ಟರೆ ಇಂಕು, ಪೇಸ್ಟು, ಕಾಫಿಪುಡಿ ಹಚ್ಚಬೇಡಿ. ನಲ್ಲಿಯ ತಣ್ಣೀರಿಗೆ 20 ನಿಮಿಷ ಹಿಡಿಯಿರಿ, ಆಮೇಲೆ ವೈದ್ಯರ ಬಳಿಗೆ ಹೋಗಿ.

ಹಳ್ಳಿಯಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಜೆಯ ಅಪಾಯ ಬೇರೆ. ನೀವು ಹೊಲದಲ್ಲಿ ಇರುತ್ತೀರಿ, ಮಕ್ಕಳು ಕೆರೆಯ ಕಡೆ, ಕೃಷಿ ಹೊಂಡದ ಕಡೆ ಹೋಗಿರುತ್ತಾರೆ. ಕೆರೆಗೆ ಇಳಿಜಾರಿನ ದಡವಿದೆ, ಹಿಡಿಯಲು ಹುಲ್ಲು ಗಿಡವಿದೆ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ; ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಹೊಂಡದ ಸುತ್ತ ಬೇಲಿ ಹಾಕಿಸಿ. ನಾಲ್ಕು ಮೂಲೆಯಿಂದಲೂ ಗಂಟು ಹಾಕಿದ ಹಗ್ಗ ನೀರಿಗೆ ಇಳಿಬಿಡಿ, ಬಿದ್ದವರಿಗೆ ಅದು ಏಣಿಯಾಗುತ್ತದೆ. ನೀರು ಬರದೆ ಬಿಟ್ಟ ಕೊಳವೆಬಾವಿಯನ್ನು ಅವತ್ತೇ ಮುಚ್ಚಿಸಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತವಾಗಿ ಮೇಲೆತ್ತಿದಾಗ ಇಡೀ ನಾಡು ನಿಟ್ಟುಸಿರು ಬಿಟ್ಟಿತು. ಅದಕ್ಕೂ ಮೊದಲು ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಹೀಗೆಯೇ ಬಿದ್ದ ಮಕ್ಕಳಿಗೆ ಆ ಭಾಗ್ಯ ಇರಲಿಲ್ಲ ಎಂಬುದನ್ನು ನಾವು ಮರೆಯಕೂಡದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಹೇಳಲು ನಾಲಗೆ ತಡವರಿಸುತ್ತದೆ, ಆದರೆ ಹೇಳದಿದ್ದರೆ ಶಿಕ್ಷಕಿಯಾಗಿ ನಾನು ಅಪರಾಧಿಯಾಗುತ್ತೇನೆ. ಒಂಟಿಯಾಗಿರುವ ಮಗುವಿನ ಮೈಮೇಲೆ ಕೈ ಹಾಕುವವರು ಬಹುಪಾಲು ಅಪರಿಚಿತರಲ್ಲ. ಮನೆಗೆ ಬಂದು ಹೋಗುವವರು, "ಮಾಮ" ಎಂದು ಮಗು ಕರೆಯುವವರು. ಹೆಣ್ಣು ಮಗುವಿಗೆ ಮಾತ್ರ ಈ ಭಯ ಎಂದೂ ತಿಳಿಯಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಅನ್ವಯವಾಗುತ್ತದೆ. ನಾನು ನನ್ನ ತರಗತಿಯಲ್ಲಿ ಮಕ್ಕಳಿಗೆ ಒಂದೇ ಸೂತ್ರ ಹೇಳಿಕೊಡುತ್ತಿದ್ದೆ: ದೊಡ್ಡವರು ಯಾರಾದರೂ "ಅಮ್ಮನಿಗೆ ಹೇಳಬೇಡ" ಎಂದರೆ, ಅದನ್ನು ಅಮ್ಮನಿಗೆ ಮೊದಲು ಹೇಳಬೇಕು. ಮಗು ಹಾಗೆ ಬಂದು ಹೇಳಿದಾಗ "ನೀನ್ಯಾಕೆ ಅಲ್ಲಿಗೆ ಹೋದೆ?" ಎಂದು ಗದರಬೇಡಿ. ಗದರಿದರೆ ಅದು ಎರಡನೇ ಸಲ ಹೇಳುವುದಿಲ್ಲ. "ಹೇಳಿದ್ದು ಒಳ್ಳೇದಾಯ್ತು ಕಂದ, ನಿಂದೇನೂ ತಪ್ಪಿಲ್ಲ" ಎನ್ನಿ. ದೂರು ಕೊಟ್ಟರೆ ಮಗುವಿನ ಹೆಸರು ಹೊರಗೆ ಬರದಂತೆ ಕಾನೂನು ಕಾಯುತ್ತದೆ. ಹೇಳಿಕೆ ಪಡೆಯಲು ಬರುವ ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ದುಡ್ಡಿಲ್ಲ.

ಈ 1098, ತುರ್ತು ನೆರವಿನ 112, ಅಪ್ಪ ಅಮ್ಮನ ಮೊಬೈಲ್ ನಂಬರು ಇವು ಮಗುವಿಗೆ ಬಾಯಿಪಾಠವಾಗಿರಬೇಕು. ನಂಬರುಗಳೆಲ್ಲ ಫೋನಿನೊಳಗೆ ಹೋಗಿ ಕೂತ ಮೇಲೆ ನಮಗೇ ಯಾರ ನಂಬರೂ ನೆನಪಿಲ್ಲ. ನಾನು ಮಕ್ಕಳಿಗೆ ಮಗ್ಗಿಯ ರಾಗದಲ್ಲೇ ಅಮ್ಮನ ನಂಬರು ಹೇಳಿಸುತ್ತಿದ್ದೆ. ವಾರದೊಳಗೆ ಎಲ್ಲರಿಗೂ ಬರುತ್ತಿತ್ತು.

ಈಗ ಆ ಕೀಲಿಕೈ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಅಮ್ಮನನ್ನು ಒಂದು ಭಾನುವಾರ ಭೇಟಿಯಾಗಿ, ಟಿವಿಯ ಮಾತು ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, "ಕೆಲ್ಸ ಬಿಡಕ್ಕಾಗಲ್ಲ ಮೇಡಂ" ಎಂದರು. ಕೆಲಸ ಬಿಡಿ ಎಂದು ಹೇಳಲು ನಾನು ಹೋಗಿರಲಿಲ್ಲ. "ನಿಮ್ಮ ವಠಾರದಲ್ಲಿ ಸಂಜೆ ಹೊತ್ತು ಯಾರಿರ್ತಾರೆ?" ಎಂದು ಕೇಳಿದೆ. ಕೆಳಗಿನ ಮನೆಯಲ್ಲಿ ನಾಗಮಂಗಲ ಕಡೆಯ ಒಬ್ಬ ಅಜ್ಜಿ ಇದ್ದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಅವರೂ ಇಡೀ ದಿನ ಒಬ್ಬರೇ.

ನಮ್ಮ ಕಡೆ ಒಕ್ಕಲುತನದಲ್ಲಿ ಮುಯ್ಯಾಳು ಎಂಬ ಪದ್ಧತಿ ಉಂಟು. ನಾಟಿ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕಾಸಿನ ಲೆಕ್ಕವಿಲ್ಲ, ಆಳಿನ ಲೆಕ್ಕ ಮಾತ್ರ. ಮಂಡ್ಯ, ಹಾಸನ, ತುಮಕೂರಿನಿಂದ ಬಂದ ಆ ವಠಾರದ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜಿಯ ಬಾಗಿಲ ಮುಂದೆ ಸಂಜೆ ನಾಲ್ಕು ಮನೆಯ ಮಕ್ಕಳು ಕೂರುವುದೆಂದಾಯಿತು. ಅದಕ್ಕೆ ಮುಯ್ಯಿಯಾಗಿ ಒಬ್ಬಾಕೆ ಅಜ್ಜಿಯ ಮನೆಗೆ ನೀರು ತುಂಬುವುದು, ಒಬ್ಬಾಕೆ ಆಸ್ಪತ್ರೆಯಿಂದ ಬಿಪಿ ಮಾತ್ರೆ ತರುವುದು, ಒಬ್ಬಾಕೆ ಬಟ್ಟೆ ಒಗೆದು ಕೊಡುವುದು, ಭಾನುವಾರದ ಊಟ ಕೀಲಿಕೈ ಹುಡುಗಿಯ ಮನೆಯಿಂದ. ಆ ಹುಡುಗಿಯ ಅಮ್ಮ ಹಿಂಜರಿಯುತ್ತಲೇ ಕೇಳಲು ಹೋದಾಗ ಅಜ್ಜಿ ಹೇಳಿದರಂತೆ: "ಇದ್ನ ಕೇಳಕ್ಕೆ ಇಷ್ಟು ದಿನ ಬೇಕಾಯ್ತೇನವ್ವ? ನಂಗೂ ಗ್ವಾಡೆ ನೋಡಿ ನೋಡಿ ಸಾಕಾಗಿತ್ತು."

ಈ ಏರ್ಪಾಟಿನ ಗಟ್ಟಿತನ ಎಲ್ಲಿದೆ ಎಂಬುದನ್ನು ಗಮನಿಸಿ. ನಾಲ್ಕು ಮಕ್ಕಳು ಒಟ್ಟಿಗೆ ಇದ್ದರು, ಒಂದೇ ಮಗುವಲ್ಲ. ಬಾಗಿಲ ಮುಂದೆ, ನಾಲ್ಕು ಜನರ ಕಣ್ಣೆದುರು ಇದ್ದರು, ಒಳಕೋಣೆಯಲ್ಲಲ್ಲ. ನೀವೂ ಮಗುವನ್ನು ಯಾರ ಮನೆಯಲ್ಲಾದರೂ ಬಿಡುವುದಾದರೆ, ಆ ಹೊತ್ತಿನಲ್ಲಿ ಆ ಮನೆಯಲ್ಲಿ ಬೇರೆ ಯಾರು ಯಾರು ಇರುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ನಡುನಡುವೆ ಹೇಳದೆ ಹೋಗಿ ನೋಡಿ. ಯಾರೂ ಬೇಸರಪಟ್ಟುಕೊಳ್ಳುವ ವಿಷಯ ಇದಲ್ಲ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ, ಅಲ್ಲಿ ಮಕ್ಕಳಿಗೆ ಪುಸ್ತಕವೂ ಉಂಟು, ಕೂರಲು ಜಾಗವೂ ಉಂಟು.

ಅಜ್ಜಿಯ ಬಾಗಿಲಲ್ಲಿ ಆ ಮಕ್ಕಳು ಏನು ಮಾಡುತ್ತಿದ್ದರು? ಆಡುತ್ತಿದ್ದರು. ಅಜ್ಜಿ ಚೌಕಾಬಾರದ ಮನೆ ಬರೆದುಕೊಟ್ಟರು, ಹುಣಸೆ ಬೀಜ ಒಡೆದು ಕವಡೆ ಮಾಡಿಕೊಟ್ಟರು. ಓಣಿಯಲ್ಲಿ ಕುಂಟೆಬಿಲ್ಲೆ, ಲಗೋರಿ. ಐದು ವರ್ಷ ದಾಟಿದ ಮಗು ದಿನಕ್ಕೆ ಕನಿಷ್ಠ 60 ನಿಮಿಷ ಮೈ ಬೆವರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ದೋಷ ಬರುವುದೂ ಕಡಿಮೆ ಎಂಬುದನ್ನು ಕಣ್ಣಿನ ವೈದ್ಯರು ಕಂಡುಕೊಂಡಿದ್ದಾರೆ. ಆದ್ದರಿಂದ ಶಾಲೆಯಿಂದ ಬಂದ ಕೂಡಲೇ ಮಗುವನ್ನು ಇನ್ನೊಂದು ಕೋಣೆಗೆ, ಟ್ಯೂಷನ್ನಿಗೆ ತುರುಕಬೇಡಿ. ಬಿಸಿಲಿರುವವರೆಗೆ ಆಟ, ದೀಪ ಹಚ್ಚಿದ ಮೇಲೆ ಪುಸ್ತಕ. ನಮ್ಮ ಹಿರಿಯರ ಈ ಕ್ರಮವೇ ಸರಿ.

ಮೊಬೈಲಿನ ಬಗ್ಗೆ ನೀವೆಲ್ಲ ಬೇಕಾದಷ್ಟು ಕೇಳಿದ್ದೀರಿ. ಎರಡು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ನನ್ನ ಅನುಭವ ಅದಕ್ಕೆ ಒಂದು ಮಾತು ಸೇರಿಸುತ್ತದೆ. ಎಷ್ಟೋ ಮಕ್ಕಳು ಪರದೆಗೆ ಅಂಟಿಕೊಳ್ಳುವುದು ಚಿತ್ರದ ಆಸೆಗಲ್ಲ, ಜೊತೆಯ ಆಸೆಗೆ. ಮೊಬೈಲ್ ಕಿತ್ತುಕೊಂಡು ಮಗುವನ್ನು ಒಬ್ಬಂಟಿಯಾಗಿ ಕೂರಿಸಿದರೆ ಅದು ಶಿಕ್ಷೆ. ಜೊತೆ ಕೊಟ್ಟು ನೋಡಿ, ಮೊಬೈಲನ್ನು ಅದೇ ಕೆಳಗಿಡುತ್ತದೆ. ಅಜ್ಜಿಯ ಬಾಗಿಲಲ್ಲಿ ಕೂತ ಮೇಲೆ ಆ ಹುಡುಗಿ ಟಿವಿ ಹಾಕುವುದನ್ನು ತಾನಾಗಿಯೇ ಬಿಟ್ಟಳು.

ಏಳು ಗಂಟೆಯಾಯಿತು, ಅಮ್ಮ ಬಂದಳು, ಹಿಂದೆಯೇ ಅಪ್ಪ ಬಂದರು. ಈ ಬಾಗಿಲು ತೆರೆಯುವ ಗಳಿಗೆಗೆ ಮಗು ಸಂಜೆಯಿಡೀ ಕಾದಿರುತ್ತದೆ. ಕಾಲು ನೋಯುತ್ತಿರುತ್ತದೆ, ತಲೆ ಸಿಡಿಯುತ್ತಿರುತ್ತದೆ, ನನಗೆ ಗೊತ್ತು. ಆದರೂ ಹತ್ತು ನಿಮಿಷ ಒಲೆಯ ಕಡೆ ಹೋಗದೆ, ಫೋನ್ ಎತ್ತದೆ, ಮಗುವಿನ ಪಕ್ಕ ಕೂತುಬಿಡಿ. ಬಾಯಿಂದ ಬರುವ ಮೊದಲ ಮಾತು "ಹೋಂವರ್ಕ್ ಮಾಡಿದ್ಯಾ?" ಆಗದಿರಲಿ. "ಇವತ್ತು ಯಾರ ಜೊತೆ ಆಡಿದೆ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲಿ ಮಗುವಿನ ಖುಷಿಯೂ ತಿಳಿಯುತ್ತದೆ, ಅಂಜಿಕೆ ಏನಾದರೂ ಇದ್ದರೆ ಅದೂ ತಿಳಿಯುತ್ತದೆ. ದಿನವೂ ಹೇಳುವ ಹೆಸರನ್ನು ಒಂದು ದಿನ ಮಗು ಹೇಳದಿದ್ದರೆ, ಅಲ್ಲಿ ಏನೋ ಆಗಿದೆ ಎಂದು ನಿಮಗೆ ಗೊತ್ತಾಗುತ್ತದೆ.

ಅಪ್ಪಂದಿರಿಗೆ ಒಂದು ಮಾತು. ಆ ಹತ್ತು ನಿಮಿಷ ಅಮ್ಮ ಮಗುವಿನ ಜೊತೆ ಕೂರಬೇಕಾದರೆ ಅನ್ನಕ್ಕೆ ಅಕ್ಕಿ ಇಡುವ ಕೈ ನಿಮ್ಮದಾಗಬೇಕು. ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೊನೆಯದಾಗಿ ನಿದ್ದೆ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗ್ಗೆ ಆರಕ್ಕೆ ಏಳಬೇಕಾದ ಮಗು ರಾತ್ರಿ ಒಂಬತ್ತಕ್ಕೆ ಮಲಗಿರಬೇಕು ಎಂದಾಯಿತು. ಹಾಗಾದರೆ ಎಂಟಕ್ಕೆ ಊಟ. ಎಂಟಕ್ಕೆ ಮಗು ಹಸಿದು ಉಣ್ಣಬೇಕಾದರೆ ಐದಕ್ಕೆ ಹಿತವಾದ ತಿಂಡಿ, ಆಮೇಲೆ ಆಟ. ನೋಡಿದಿರಾ, ಎಲ್ಲ ಮತ್ತೆ ಅದೇ ಹೊತ್ತಿಗೆ ಬಂದು ಸೇರುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಗುವನ್ನು ಕೇಳಿ: ಶಾಲೆ ಬಿಟ್ಟ ಮೇಲೆ, ನಾವು ಬರುವವರೆಗೆ, ನಿನಗೆ ಹೇಗನ್ನಿಸುತ್ತದೆ? ಅದು ಹೇಳಿದ್ದನ್ನು ತಡೆಯದೆ ಪೂರ್ತಿ ಕೇಳಿಸಿಕೊಳ್ಳಿ. ನಾಳೆ ನಿಮ್ಮ ಓಣಿಯಲ್ಲಿ ಒಂದು ಬಾಗಿಲು ತಟ್ಟಿ. ಇಬ್ಬರು ಮೂವರು ಸೇರಿ ಒಂದು ಮುಯ್ಯಿ ಕಟ್ಟಿಕೊಳ್ಳಿ. ಮೊದಲ ಬಾಗಿಲು ತಟ್ಟುವುದು ಕಷ್ಟ. ಆದರೆ ಆ ಬಾಗಿಲ ಒಳಗೂ ಯಾರೋ ಒಬ್ಬರೇ ಗೋಡೆ ನೋಡುತ್ತ ಕೂತಿರಬಹುದು.